ಜಿಡ್ಡು ಅಳೆಯುವವಳು

ಹಾವೆರಾ ಊರಿನಿಂದ ಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ ಹಸು ಸಾಕುವ ಇಪ್ಪತ್ತಾರು ಫಾರ್ಮುಗಳಿದ್ದವು. ಯಾರ ಹಸು ಎಷ್ಟು ಕರೆಯುತ್ತದೆ, ಯಾರ ಹಾಲು ಬರೀ ನೀರು, ಯಾರು ಹೊರಗೆ ಜಂಬ ಕೊಚ್ಚಿಕೊಂಡು ಒಳಗೊಳಗೇ ಹೆದರುತ್ತಾರೆ ಎಂಬುದೆಲ್ಲ ಒಬ್ಬಳಿಗೇ ಗೊತ್ತಿತ್ತು. ಅವಳು ನೋಲಾ ಸ್ಟಾಡ್ಲರ್. ಹಾಲು ಪರೀಕ್ಷೆಯ ಸಂಘ ಕೊಟ್ಟಿದ್ದ ಹಳೆಯ ವ್ಯಾನಿನಲ್ಲಿ ಸೀಸೆಗಳ ಪೆಟ್ಟಿಗೆ, ಆಸಿಡ್ಡಿನ ಜಾಡಿ, ಕೈಯಿಂದ ತಿರುಗಿಸುವ ಚಕ್ರ ಇಷ್ಟನ್ನು ಹೇರಿಕೊಂಡು ದಿನಕ್ಕೊಂದು ಫಾರ್ಮಿಗೆ ಹೋಗುತ್ತಿದ್ದಳು. ಸಂಜೆ ಕರೆಯುವಾಗ ಒಮ್ಮೆ, ಬೆಳಿಗ್ಗೆ ಕರೆಯುವಾಗ ಒಮ್ಮೆ, ಪ್ರತಿ ಹಸುವಿನ ಹಾಲನ್ನೂ ತೂಗಿ ಒಂದೊಂದು ಸೀಸೆಗೆ ಸ್ವಲ್ಪ ತುಂಬಿಕೊಳ್ಳುವುದು. ಆಮೇಲೆ ಹಾಲಿಗೆ ಆಸಿಡ್ಡು ಬೆರೆಸಿ, ಅದು ಕಪ್ಪಾಗಿ ಕುದಿಯುವ ಹಾಗೆ ಬಿಸಿಯಾದಾಗ ಚಕ್ರದಲ್ಲಿಟ್ಟು ತಿರುಗಿಸಿದರೆ, ಜಿಡ್ಡೆಲ್ಲ ಮೇಲೆದ್ದು ಸೀಸೆಯ ಸಣ್ಣ ಕತ್ತಿನಲ್ಲಿ ಹಳದಿ ಗೆರೆಯಾಗಿ ನಿಲ್ಲುತ್ತಿತ್ತು. ಅದನ್ನು ಕೈವಾರದಿಂದ ಅಳೆದು ಪುಸ್ತಕದಲ್ಲಿ ಬರೆದರೆ ಆ ಹಸುವಿನ ಯೋಗ್ಯತೆ ತೀರ್ಮಾನವಾದಂತೆ.

ಅವಳ ಲಂಗದ ತುಂಬ ಆಸಿಡ್ಡು ಸಿಡಿದು ಸುಟ್ಟ ತೂತುಗಳು. "ನೋಲಾ, ನಿನ್ನ ಲಂಗದಲ್ಲಿ ಹಿಟ್ಟು ಜರಡಿ ಹಿಡೀಬಹುದು ಕಣೆ" ಎಂದು ಫಾರ್ಮಿನ ಹೆಂಗಸರು ನಗುತ್ತಿದ್ದರು. ಗಂಡಸರಿಗೆ ಬೇರೆ ಚಿಂತೆ. ಒಂದು ಮನೆಯ ಅಂಕಿಯನ್ನು ಇನ್ನೊಂದು ಮನೆಯಲ್ಲಿ ಆಡಬಾರದೆಂಬುದು ಸಂಘದ ಕಟ್ಟುನಿಟ್ಟು. ಆದರೂ ಪರ್ಸಿ ಗಿಬ್ಲಿನ್ ಎಂಬ ರೈತ ಪ್ರತಿ ತಿಂಗಳೂ ಅವಳ ಹಿಂದೆ ಬೀಳುತ್ತಿದ್ದ. "ಪಕ್ಕದವನದು ನನ್ನದಕ್ಕಿಂತ ಮೇಲಿದೆಯಾ ಅಷ್ಟು ಹೇಳು. ಬಾಯಲ್ಲಿ ಹೇಳ್ಬೇಡ, ಸುಮ್ನೆ ಒಂದ್ಸಲ ಕೆಮ್ಮು." ನೋಲಾ ಕೆಮ್ಮುತ್ತಿರಲಿಲ್ಲ. ನೆಗಡಿಯಾದಾಗಲೂ ಅವನ ಮನೆಯಲ್ಲಿ ಕೆಮ್ಮು ತಡೆದುಕೊಳ್ಳುತ್ತಿದ್ದಳು.

ಇಪ್ಪತ್ತೈದು ಫಾರ್ಮುಗಳಲ್ಲಿ ಅವಳು ನೆಮ್ಮದಿಯಾಗಿ ಉಂಡು, ಕೆಲಸ ಮುಗಿಸಿ ಬರುತ್ತಿದ್ದಳು. ನೆಮ್ಮದಿಯಿಲ್ಲದಿದ್ದದ್ದು ಇಪ್ಪತ್ತಾರನೆಯದರಲ್ಲಿ. ಅದು ಅವಳ ಅಪ್ಪನ ಫಾರ್ಮು.

ಅಪ್ಪ ಎಮಿಲ್ ಸ್ಟಾಡ್ಲರನಿಗೆ ಇಬ್ಬರೇ ಹೆಣ್ಣುಮಕ್ಕಳು. ನೋಲಾ ದೊಡ್ಡವಳು, ಐರಿಸ್ ಅವಳಿಗಿಂತ ಮೂರು ವರ್ಷ ಚಿಕ್ಕವಳು. ನೋಲಾ ಎಂಟನೆಯ ವಯಸ್ಸಿಗೇ ಹಾಲು ಕರೆಯಲು ಕೂತವಳು. ಐರಿಸ್‌ಗೆ ಕೆಸರೆಂದರೆ ಆಗದು. ಮನೆಯೊಳಗೆ ಪಿಯಾನೊ ಕಲಿತಳು. ಯುದ್ಧದ ಕಾಲದಲ್ಲಿ ಆಳುಗಳೆಲ್ಲ ಸೈನ್ಯಕ್ಕೆ ಹೋದಾಗ ಅಪ್ಪ ಮತ್ತು ನೋಲಾ ಇಬ್ಬರೇ ಅರವತ್ತು ಹಸು ನೋಡಿಕೊಂಡರು. ಯಾವ ಹಸು ಯಾವಾಗ ಈಯುತ್ತದೆ, ಯಾವುದಕ್ಕೆ ಕೆಚ್ಚಲು ಬಾವು ಬರುವ ಸ್ವಭಾವ, ಯಾವ ಹುಲ್ಲುಗಾವಲಿನಲ್ಲಿ ಜುಲೈ ತಿಂಗಳಲ್ಲಿ ನೀರು ನಿಲ್ಲುತ್ತದೆ ಎಲ್ಲ ಅವಳ ಬೆರಳ ತುದಿಯಲ್ಲಿತ್ತು. ಫಾರ್ಮು ಮುಂದೆ ತನ್ನದೇ ಎಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳಬೇಕಾದ ಮಾತೆಂದೇ ಅವಳಿಗೆ ಅನ್ನಿಸಿರಲಿಲ್ಲ.

ಯುದ್ಧ ಮುಗಿದು ಮೂರು ವರ್ಷಕ್ಕೆ ಡಿಗ್ಬಿ ಹಾರ್ನ್ ಕೆಲಸಕ್ಕೆ ಬಂದ. ಮರುವರ್ಷ ಐರಿಸ್‌ಳನ್ನು ಮದುವೆಯಾದ. ಒಂದು ಭಾನುವಾರ ಮಧ್ಯಾಹ್ನ, ಹುರಿದ ಕುರಿಮಾಂಸ ಕೊಯ್ದು ತಟ್ಟೆಗಳಿಗೆ ಬಡಿಸುತ್ತ ಅಪ್ಪ ಹೇಳಿದ: "ಬರೋ ಜೂನಿಂದ ಡಿಗ್ಬಿ ನೋಡ್ಕೊಳ್ತಾನೆ. ನನ್ನ ಮೊಣಕಾಲು ಸೋತು ಹೋಗಿದೆ."

"ಮತ್ತೆ ನಾನು?" ಎಂದಳು ನೋಲಾ.

"ನೀನು ಇರು. ಮನೆ ನಿಂದೂ ಹೌದಲ್ಲ. ಮದುವೆ ಆಗೋತನಕ ಇರು." ಅಪ್ಪ ಅದನ್ನು ಪ್ರೀತಿಯಿಂದಲೇ ಹೇಳಿದ. ಅವಳ ತಟ್ಟೆಗೆ ಒಂದು ತುಂಡು ಹೆಚ್ಚೇ ಹಾಕಿದ.

ಅವಳಿಗೆ ಆಗ ಇಪ್ಪತ್ತೆಂಟು. ಆ ಜೂನಿಗೇ ಸಂಘದ ಕೆಲಸಕ್ಕೆ ಸೇರಿ ಮನೆ ಬಿಟ್ಟಳು. ಎರಡು ವರ್ಷದಲ್ಲಿ ಅಪ್ಪ ತೀರಿಕೊಂಡ. ಉಯಿಲು ಓದಿದಾಗ ಜಮೀನು, ಮನೆ, ಹಸುಗಳು ಎಲ್ಲ ಐರಿಸ್ ಮತ್ತು ಡಿಗ್ಬಿಯ ಹೆಸರಿನಲ್ಲಿದ್ದವು. ನೋಲಾಳ ಪಾಲಿಗೆ ಬಂದದ್ದು ಪಿಯಾನೊ. ಅವಳಿಗೆ ನುಡಿಸಲು ಬರುತ್ತಿರಲಿಲ್ಲ, ಇಟ್ಟುಕೊಳ್ಳಲು ಸ್ವಂತ ಮನೆಯೂ ಇರಲಿಲ್ಲ. ಹಾಗಾಗಿ ಅದೂ ಐರಿಸ್‌ಳ ಕೋಣೆಯಲ್ಲೇ ಉಳಿಯಿತು, ಐರಿಸ್‌ಳೇ ನುಡಿಸುತ್ತಿದ್ದಳು.

ತಿಂಗಳಿಗೊಮ್ಮೆ ಸರದಿಯ ಪ್ರಕಾರ ಆ ಫಾರ್ಮಿಗೂ ಹೋಗಬೇಕಾಗುತ್ತಿತ್ತು. ಗೇಟು ದಾಟುತ್ತಲೇ ಅವಳ ಕಣ್ಣು ತಪ್ಪು ಹುಡುಕಲು ಶುರುಮಾಡುತ್ತಿತ್ತು. ಹುಲ್ಲುಗಾವಲಿನಲ್ಲಿ ಹಳದಿ ಹೂವಿನ ವಿಷದ ಕಳೆ ಕಂಡರೆ ಅವಳಿಗೆ ಹಬ್ಬ. ಬೇಲಿಯ ಮುಳ್ಳು ಬೆಳೆದು ದಾರಿಗೆ ಚಾಚಿದ್ದರೆ ಅವತ್ತು ಊಟ ರುಚಿಸುತ್ತಿತ್ತು. ಆದರೆ ಡಿಗ್ಬಿ ಅವಳಿಗೆ ಆ ಸುಖವನ್ನೂ ಹೆಚ್ಚು ದಿನ ಉಳಿಸಲಿಲ್ಲ. ಅವನು ಕೆಲಸಗಾರ. ಮುಳ್ಳುಬೇಲಿ ಸವರಿಸಿದ, ಕಳೆ ಕೀಳಿಸಿದ. ಕರೆಂಟಿನ ತಂತಿ ಎಳೆದು ಹುಲ್ಲುಗಾವಲನ್ನು ಪಟ್ಟಿಪಟ್ಟಿಯಾಗಿ ಪಾಲು ಮಾಡಿ, ಹಸುಗಳನ್ನು ದಿನಕ್ಕೊಂದು ಹೊಸ ಪಟ್ಟಿಗೆ ಹೊಡೆದ. ಹುಲ್ಲು ಕಂಬಳಿಯಂತೆ ದಟ್ಟವಾಯಿತು. ಹಸುಗಳ ಮೈ ಮಿರುಗಿತು. ಜಿಡ್ಡಿನ ಅಂಕಿ ವರ್ಷದಿಂದ ವರ್ಷಕ್ಕೆ ಏರಿತು. ಆ ಏರಿಕೆಯನ್ನು ತನ್ನ ಕೈಯಾರೆ ಬರೆಯಬೇಕಾದವಳು ನೋಲಾ. ಅವನು ಸೋಮಾರಿಯೋ ಕುಡುಕನೋ ಆಗಿದ್ದರೆ ಅವಳು ಹಾಯಾಗಿ ಅವನನ್ನು ತಿರಸ್ಕರಿಸಬಹುದಿತ್ತು. ಅವನು ಚೆನ್ನಾಗಿ ಮಾಡುತ್ತಿದ್ದುದೇ ಅವಳಿಗೆ ತಡೆಯಲಾಗದ ಉರಿ.

ಆ ಮಂದೆಯಲ್ಲಿ ಮಿಂಟಿ ಎಂಬ ಹಸು ಇತ್ತು. ಜಿಂಕೆ ಬಣ್ಣದ ಸಣ್ಣ ಜರ್ಸಿ. ಹಾಲು ಬಹಳ ಕೊಡುತ್ತಿರಲಿಲ್ಲ. ಕೊಟ್ಟ ಹಾಲೆಲ್ಲ ಕೆನೆ. ಜಿಡ್ಡಿನಲ್ಲಿ ಆ ರಸ್ತೆಯಲ್ಲೇ ಅದನ್ನು ಮೀರಿಸುವ ಹಸು ಇರಲಿಲ್ಲ. ಅದು ಹುಟ್ಟುವಾಗ ತಾಯಿಯ ಹೊಟ್ಟೆಯಲ್ಲಿ ಅಡ್ಡ ತಿರುಗಿ ಸಿಕ್ಕಿಕೊಂಡಿತ್ತು. ಮಂಜು ಸುರಿಯುವ ಬೆಳಗಿನಲ್ಲಿ ನೋಲಾಳೇ ಮೊಣಕೈವರೆಗೆ ಕೈ ಹಾಕಿ, ಕರುವನ್ನು ತಿರುಗಿಸಿ ಎಳೆದಿದ್ದಳು. "ಇದು ಬದುಕಲ್ಲ, ಬಿಡು" ಎಂದಿದ್ದ ಅಪ್ಪ. ಗೋಣಿಚೀಲದಲ್ಲಿ ಸುತ್ತಿ, ಒಲೆಯ ಪಕ್ಕದಲ್ಲಿಟ್ಟು, ಗಿಣ್ಣುಹಾಲನ್ನು ಬೆರಳಿನಿಂದ ಚೀಪಿಸಿ ಬದುಕಿಸಿದವಳು ಅವಳು. ಡಿಗ್ಬಿ ಆಗಿನ್ನೂ ಆ ಊರಿಗೇ ಬಂದಿರಲಿಲ್ಲ.

ಐವತ್ತನಾಲ್ಕನೆಯ ಇಸವಿಯ ನವೆಂಬರಿನಲ್ಲಿ ಲಂಡನ್ನಿನಿಂದ ಮೂವರು ವ್ಯಾಪಾರಿಗಳು ಬಂದರು. ರಸ್ತೆಯ ಮೂಲೆಯಲ್ಲಿದ್ದ ಚೀಸ್ ಕಾರ್ಖಾನೆಯಿಂದ ಪೆಟ್ಟಿಗೆಗಟ್ಟಲೆ ಹಡಗಿಗೆ ಹೋಗುತ್ತಿದ್ದದ್ದೆಲ್ಲ ಅಂಥವರ ಅಂಗಡಿಗಳಿಗೇ. ಕಾರ್ಖಾನೆಯ ಮ್ಯಾನೇಜರು ಅವರಿಗೆ ಒಂದು ಮಾದರಿ ಫಾರ್ಮು ತೋರಿಸಬೇಕೆಂದು ಡಿಗ್ಬಿಯ ಮನೆಗೆ ಕರೆತಂದ. ಅವತ್ತು ನೋಲಾಳ ಪರೀಕ್ಷೆಯ ದಿನ. ಬೆಳಗಿನ ಹಾಲು ಕರೆದಾಗಿತ್ತು; ಸೀಸೆಗಳು ಸಾಲಾಗಿ ತುಂಬಿ ಕೂತಿದ್ದವು; ಆಸಿಡ್ಡು ಹಾಕುವುದೊಂದು ಬಾಕಿ.

"ನೋಲಾ, ಸ್ವಲ್ಪ ಬಾರೇ, ಸ್ಕೋನು ಆರಿ ಹೋಗುತ್ತೆ, ಇದನ್ನ ಹಿಡ್ಕೊ" ಎಂದು ಐರಿಸ್ ಒಳಗಿಂದ ಕೂಗಿದಳು. ಅವಳು ಹೊಸ ಟೋಪಿ ಹಾಕಿದ್ದಳು. ಮನೆಯ ಹೆಂಗಸು ತನ್ನದೇ ಅಂಗಳದಲ್ಲಿ ಟೋಪಿ ಹಾಕಿಕೊಂಡದ್ದನ್ನು ನೋಲಾ ಮೊದಲ ಸಲ ಕಂಡದ್ದು. ತೂತು ಬಿದ್ದ ಲಂಗದಲ್ಲೇ ಅವಳು ಬನ್ನಿನಂಥ ಸ್ಕೋನುಗಳ ತಟ್ಟೆ ಹಿಡಿದು ಅಂಗಳಕ್ಕೆ ಬಂದಳು.

ಡಿಗ್ಬಿ ಮಿಂಟಿಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಿದ್ದ. "ನೋಡೋಕೆ ಏನಿಲ್ಲ ಇದು," ಎನ್ನುತ್ತಿದ್ದ. "ಕಡಸಾಗಿದ್ದಾಗಲೇ ನಾನು ಗುರುತು ಹಿಡಿದೆ. ಬೇರೆಯವರಾಗಿದ್ರೆ ಮಾರಿಬಿಡ್ತಿದ್ರು."

"ಕಣ್ಣು ಅಂದ್ರೆ ಅದು," ಎಂದ ಬಂದವರಲ್ಲಿ ಹಿರಿಯ. "ನಮ್ಮ ಕಡೆ ಟೋಸ್ಟಿನ ಮೇಲೆ ಕರಗೋದು ನಿಮ್ಮ ಈ ಹುಲ್ಲೇ ಅಂತ ನಮ್ಮ ಜನಕ್ಕೆ ಗೊತ್ತೇ ಇಲ್ಲ ನೋಡಿ." ಆಮೇಲೆ ಸ್ಕೋನು ತೆಗೆದುಕೊಳ್ಳುತ್ತ ನೋಲಾಳ ಕಡೆ ತಿರುಗಿ ಸೌಜನ್ಯದಿಂದಲೇ ಕೇಳಿದ, "ನೀವು ಇಲ್ಲಿ ಕೆಲಸಕ್ಕಿದ್ದೀರಾ?"

ನೋಲಾ ತಂಗಿಯ ಮುಖ ನೋಡಿದಳು. ಐರಿಸ್ ಟೀಪಾತ್ರೆಯ ಮುಚ್ಚಳ ಸರಿಮಾಡುತ್ತಿದ್ದಳು, ತಲೆಯೆತ್ತಲಿಲ್ಲ. ಡಿಗ್ಬಿಗೆ ಕೇಳಿಸಿರಲೇ ಇಲ್ಲ. "ಹೌದು," ಎಂದಳು ನೋಲಾ.

ಅವರ ಕಾರು ಹೋದ ಮೇಲೆ ಅವಳು ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಗಿ ಆಸಿಡ್ಡು ಬೆರೆಸಿದಳು, ಚಕ್ರ ತಿರುಗಿಸಿದಳು. ಮಿಂಟಿಯ ಸೀಸೆ ಎತ್ತಿ ಬೆಳಕಿಗೆ ಹಿಡಿದಳು. ಹಳದಿ ಗೆರೆ ಉದ್ದಕ್ಕೆ, ಚಿನ್ನದ ಕಡ್ಡಿಯ ಹಾಗೆ ನಿಂತಿತ್ತು. ಕೈವಾರ ನೂರಕ್ಕೆ ಆರು ಬಿಂದು ಮೂರು ತೋರಿಸಿತು. ನೋಲಾ ಪುಸ್ತಕದಲ್ಲಿ ಐದು ಬಿಂದು ಒಂದು ಎಂದು ಬರೆದಳು.

ಸೀಸೆಗಳನ್ನು ತೊಳೆದು ಬೋರಲು ಹಾಕುವಾಗ ಎಷ್ಟೋ ವರ್ಷಕ್ಕೆ ಹೊಟ್ಟೆ ತಣ್ಣಗಾದಂತಿತ್ತು. ಊಟದ ಹೊತ್ತಿಗೆ ಡಿಗ್ಬಿ ಪುಸ್ತಕ ತಿರುವಿ ಹುಬ್ಬು ಗಂಟಿಕ್ಕಿದಾಗ ಅವಳು ಆಲೂಗಡ್ಡೆ ಇನ್ನೆರಡು ಹಾಕಿಸಿಕೊಂಡಳು.

ಒಮ್ಮೆ ಮಾಡಿ ಬಿಡಬೇಕೆಂದಿದ್ದಳು. ಆದರೆ ಮರುತಿಂಗಳು ಸರಿಯಾದ ಅಂಕಿ ಬರೆದರೆ ಹಿಂದಿನದು ಎದ್ದು ಕಾಣುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ಐದು ಎಂದು ಬರೆದಳು. ಜನವರಿಯಲ್ಲಿ ನಾಲ್ಕು ಬಿಂದು ಎಂಟು. ಫೆಬ್ರವರಿಯಲ್ಲಿ ಇನ್ನೂ ಕೆಳಗೆ. ಪ್ರತಿ ಸಲವೂ ಡಿಗ್ಬಿಯ ಮುಖ ಒಂದಿಷ್ಟು ಇಳಿಯುವುದನ್ನು ಕದ್ದು ನೋಡುತ್ತಿದ್ದಳು. ಆ ಮುಖ ನೋಡಲಿಕ್ಕಾಗಿಯೇ ಅವಳು ತಿಂಗಳಿಡೀ ಕಾಯುವಂತಾಯಿತು. ಮಿಂಟಿಗೆ ಏನಾದೀತೆಂದು ಅವಳು ಯೋಚಿಸಲಿಲ್ಲ. ಇಪ್ಪತ್ತಾರು ಮನೆಗಳಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಯೋಚಿಸಬೇಕಾಗಿದ್ದವಳು ಅವಳೇ.

ಏಪ್ರಿಲ್ ಕೊನೆಯಲ್ಲಿ, ದಕ್ಷಿಣದ ಆ ನಾಡಿಗೆ ಚಳಿಗಾಲ ಹತ್ತಿರವಾದಾಗ, ಹಸುಗಳ ಹಾಲು ಬತ್ತಿಸುವ ಮುಂಚಿನ ಕಡೆಯ ಪರೀಕ್ಷೆಗೆ ಹೋದಳು. ಸಂಜೆ ಮಿಂಟಿ ಯಾವತ್ತಿನಂತೆ ಮೂರನೆಯ ಸಾಲಿನಲ್ಲಿ ನಿಂತು ಹಾಲು ಕೊಟ್ಟಿತು. ಬೆಳಿಗ್ಗೆಯೂ ಕೊಟ್ಟಿತು. ಆದರೆ ಕರೆದಾದ ಮೇಲೆ ಡಿಗ್ಬಿ ಅದನ್ನು ಹುಲ್ಲಿಗೆ ಬಿಡದೆ, ರಸ್ತೆ ಪಕ್ಕದ ಸಣ್ಣ ದೊಡ್ಡಿಗೆ ಹೊಡೆದ. ಅಲ್ಲಿ ಆಗಲೇ ಆರು ಹಸುಗಳಿದ್ದವು. ಎರಡು ಕುಂಟು, ಮೂರು ಗೊಡ್ಡು, ಒಂದು ಮುದಿ.

"ಅದ್ಯಾಕೆ ಅಲ್ಲಿ?" ಎಂದು ಕೇಳಿದಳು ನೋಲಾ.

"ಹತ್ತು ಗಂಟೆಗೆ ಕಸಾಯಿಖಾನೆ ಲಾರಿ ಬರುತ್ತೆ. ಏಳು ಕಳಿಸ್ತಿದ್ದೀನಿ."

"ಮಿಂಟೀನಾ?"

"ಅದರ ಕಾಲ ಮುಗೀತು ನೋಲ್. ನಿನ್ನ ಪುಸ್ತಕದಲ್ಲೇ ಇದೆಯಲ್ಲ. ಹಾಲು ಮೊದಲೇ ಕಮ್ಮಿ, ಈಗ ಜಿಡ್ಡೂ ಹೋಯ್ತು. ಚಳಿಗಾಲ ಪೂರ್ತಿ ಅದಕ್ಕೆ ಹುಲ್ಲು ಹಾಕಿ ಏನು ಮಾಡ್ಲಿ? ನಾನು ಹಸುವಿನ ಮುಖ ನೋಡಲ್ಲ, ಪುಸ್ತಕ ನೋಡ್ತೀನಿ."

ಅವಳು ಕೋಣೆಗೆ ಹೋಗಿ ಸೀಸೆಗಳ ಮುಂದೆ ನಿಂತಳು. ಕಿಟಕಿಯಿಂದ ದೊಡ್ಡಿ ಕಾಣುತ್ತಿತ್ತು. ಮಿಂಟಿ ಬೇಲಿಯ ಹೊರಗಿದ್ದ ಉದ್ದ ಹುಲ್ಲಿಗೆ ನಾಲಗೆ ಚಾಚುತ್ತಿತ್ತು. ಒಂಬತ್ತು ಗಂಟೆ ಆಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಎಂದೆಂದಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟೇ ಅಲ್ಲ, ಡಿಗ್ಬಿ ತನ್ನ ಕೈಯಾರೆ ತನ್ನ ಅತ್ಯುತ್ತಮ ಹಸುವನ್ನು ಕಳೆದುಕೊಳ್ಳುತ್ತಿದ್ದ. ಅವಳಿಗೆ ಬೇಕಾಗಿದ್ದದ್ದು ಅದೇ ಅಲ್ಲವೇ? ಕಾಲು ಗಂಟೆ ಅವಳು ಹಾಗೇ ನಿಂತಿದ್ದಳು. ಕಾಲು ಗಂಟೆ ಬೇಕಾಯಿತೆಂಬುದನ್ನು ಮುಂದೆ ಅವಳು ಯಾರಿಗೂ ಹೇಳಲಿಲ್ಲ.

ಆಮೇಲೆ ಅಂಗಳಕ್ಕೆ ಹೋಗಿ, "ಡಿಗ್ಬಿ, ಮಿಂಟೀನ ಕಳಿಸ್ಬೇಡ," ಎಂದಳು.

"ನಿಂಗೆ ಅದರ ಮೇಲೆ ಮೊದಲಿಂದ ಮಮತೆ. ಮಮತೆ ಇಟ್ಕೊಂಡು ಫಾರ್ಮು ನಡೆಸೋಕಾಗಲ್ಲ."

"ಮಮತೆ ಅಲ್ಲ. ನಾನು ಸುಳ್ಳು ಬರ್ದಿದ್ದೀನಿ. ನವೆಂಬರಿಂದ."

ಅವನು ನಕ್ಕ. ಹಸುವನ್ನು ಉಳಿಸಲು ಕಥೆ ಕಟ್ಟುತ್ತಿದ್ದಾಳೆಂದುಕೊಂಡ. ನೋಲಾ ಅವನ ತೋಳು ಹಿಡಿದು ಕೋಣೆಗೆ ಕರೆತಂದಳು. ಅವನ ಕಣ್ಣೆದುರಿಗೇ ಮಿಂಟಿಯ ಹಾಲಿಗೆ ಆಸಿಡ್ಡು ಸುರಿದು, ಚಕ್ರದಲ್ಲಿಟ್ಟು ತಿರುಗಿಸಿದಳು. ಬಿಸಿನೀರು ಹಾಕಿ ಇನ್ನೊಮ್ಮೆ ತಿರುಗಿಸಿದಳು. ಸೀಸೆಯನ್ನೂ ಕೈವಾರವನ್ನೂ ಅವನ ಕೈಗೇ ಕೊಟ್ಟಳು. "ನೀನೇ ಅಳೆದು ನೋಡು."

ಅವನು ಅಳೆದ. ತಿರುಗಿ ಅಳೆದ. ಋತು ಮುಗಿಯುತ್ತ ಬಂದಿದ್ದರಿಂದ ಜಿಡ್ಡು ಇನ್ನೂ ಗಟ್ಟಿಯಾಗಿ ಆರು ಬಿಂದು ಏಳಕ್ಕೆ ಏರಿತ್ತು. ಪುಸ್ತಕ ತೆರೆದು ಮಾರ್ಚ್ ತಿಂಗಳ ಅಂಕಿ ನೋಡಿದ: ನಾಲ್ಕು ಬಿಂದು ಒಂದು. ಅವನ ಕಿವಿ ಕೆಂಪಗಾಯಿತು. ಅಷ್ಟರಲ್ಲಿ ಹೊರಗೆ ಲಾರಿಯ ಹಾರನ್ನು ಕೇಳಿಸಿತು.

"ಎಷ್ಟು ಹಸು?" ಎಂದು ಡ್ರೈವರು ಕೂಗಿದ.

ಡಿಗ್ಬಿ ಬಾಗಿಲಿಗೆ ಹೋದ. "ಆರು," ಎಂದ.

"ಚೀಟೀಲಿ ಏಳು ಅಂತಿದೆ."

"ಆರೇ."

ಲಾರಿ ಹೋದ ಮೇಲೆ ಅವನು ಹಿಂದಿರುಗಿ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ನೋಲಾ ಬೈಗುಳಕ್ಕೆ ಕಾಯುತ್ತಿದ್ದಳು. ಅವನು ಬೈಯಲಿಲ್ಲ. "ಯಾರಿಗೂ ಹೇಳಲ್ಲ ನಾನು," ಎಂದ ಮೆಲ್ಲಗೆ. "ಐರಿಸ್‌ಗೂ ಹೇಳಲ್ಲ. ನಿಂಗೆ ಎಷ್ಟು ನೋವಾಗಿದೆ ಅಂತ ನಂಗೆ ಗೊತ್ತು. ಇಲ್ಲಿಗೆ ಬಿಟ್ಟುಬಿಡೋಣ. ಬರೋ ತಿಂಗಳು ಬಾ, ಯಾವತ್ತಿನ ಹಾಗೆ."

ನೋಲಾ ವ್ಯಾನು ಹತ್ತಿ ಮೂರು ಮೈಲಿ ಹೋಗಿ ರಸ್ತೆ ಬದಿಗೆ ನಿಲ್ಲಿಸಿದಳು. ಅವನು ಕೈಯೆತ್ತಿ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಜಮೀನು ಅವನದು, ಹಸು ಅವನದು, ತಂಗಿ ಅವನವಳು. ಈಗ ಒಳ್ಳೆಯತನವೂ ಅವನದೇ. ಇನ್ನು ತಿಂಗಳು ತಿಂಗಳೂ ಆ ಮೇಜಿನಲ್ಲಿ ಕೂತು ಅವನ ಕ್ಷಮೆಯನ್ನು ರೊಟ್ಟಿಯ ಜೊತೆ ನುಂಗಬೇಕು. ವ್ಯಾನು ತಿರುಗಿಸಿ ನೇರ ಹಾವೆರಾಕ್ಕೆ, ಸಂಘದ ಕಚೇರಿಗೆ ಹೋದಳು.

ಮೇಲ್ವಿಚಾರಕ ಟಫರಿ ಅವಳು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದಿಟ್ಟ. "ಮಿಸ್ ಸ್ಟಾಡ್ಲರ್, ಇದನ್ನ ಬರೆದು ಕೊಡ್ತೀರಾ?"

"ಕೊಡ್ತೀನಿ."

"ಇಷ್ಟು ವರ್ಷದಲ್ಲಿ ನಿಮ್ಮ ಮೇಲೆ ಒಂದು ದೂರಿಲ್ಲ. ಯಾಕೆ ಮಾಡಿದ್ರಿ?"

"ಹೊಟ್ಟೆಕಿಚ್ಚು."

ಅವನು ಮುಂದಿದ್ದ ಕಾಗದ ನೋಡಿದ. "ಕಾರಣ ಅಂತ ಒಂದು ಜಾಗ ಇದೆ. ಅಲ್ಲಿ ಹಾಗೆ ಬರೆಯೋಕಾಗಲ್ಲ."

"ಇರೋದೇ ಅದು."

ಅವನು ಆ ಜಾಗದಲ್ಲಿ 'ವೈಯಕ್ತಿಕ' ಎಂದು ಬರೆದ. ವ್ಯಾನಿನ ಬೀಗದ ಕೈ ಮೇಜಿನ ಮೇಲಿಟ್ಟು ನೋಲಾ ಹೊರಬಿದ್ದಳು.

ಒಂದು ವಾರದಲ್ಲಿ ಸುದ್ದಿ ರಸ್ತೆಯುದ್ದಕ್ಕೂ ಹಬ್ಬಿತು. ಬೆಳಿಗ್ಗೆ ಹಾಲಿನ ಕ್ಯಾನುಗಳನ್ನು ತಂದು ಚೀಸ್ ಕಾರ್ಖಾನೆಯ ಮುಂದೆ ಸಾಲು ನಿಲ್ಲುವ ಜಾಗದಲ್ಲಿ ಬೇರೆ ಮಾತೇ ಇಲ್ಲ. "ನನ್ನವೂ ಇಳಿಸಿದ್ದಾಳೆ," ಎಂದು ಪರ್ಸಿ ಗಿಬ್ಲಿನ್ ಎಲ್ಲರಿಗೂ ಕೇಳುವಂತೆ ಹೇಳಿದ. "ನಾನು ಮೊದಲೇ ಅಂದಿದ್ದೆ, ನನ್ನ ಹಸುಗಳು ಅಷ್ಟು ದರಿದ್ರ ಅಲ್ಲ ಅಂತ." ಅವನ ನಂತರ ಇನ್ನೂ ಎಂಟು ಹತ್ತು ಜನಕ್ಕೆ ಅದೇ ಅನುಮಾನ ಹುಟ್ಟಿತು. ಸಂಘದವರು ಕರು ಹಾಕುವ ಕಾಲ ಮುಗಿದ ಮೇಲೆ ಬೇರೆಯವರನ್ನು ಕಳಿಸಿ ಇಪ್ಪತ್ತಾರು ಮಂದೆಗಳನ್ನೂ ಹೊಸದಾಗಿ ಪರೀಕ್ಷೆ ಮಾಡಿಸಿದರು. ಮಿಂಟಿಯೊಂದನ್ನು ಬಿಟ್ಟು ಉಳಿದ ಅಂಕಿಗಳು ಹೆಚ್ಚುಕಡಿಮೆ ನೋಲಾ ಬರೆದ ಹಾಗೇ ಇದ್ದವು. ಪರ್ಸಿಯದು ಮಾತ್ರ ಸ್ವಲ್ಪ ಕೆಳಗೆ ಬಂತು.

"ಪಾಪ, ಅವಳು ನಿನ್ನ ಮೇಲೆ ಕನಿಕರಪಟ್ಟು ಏರಿಸಿ ಬರೀತಿದ್ಲು ಅಂತ ಕಾಣುತ್ತೆ ಪರ್ಸಿ," ಎಂದರು ಸಾಲಿನಲ್ಲಿದ್ದವರು. ಅದಾದ ಮೇಲೆ ಅವನು ಆ ವಿಷಯ ಎತ್ತಲಿಲ್ಲ.

ನೋಲಾ ಹಾವೆರಾದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಐರಿಸ್ ಅಲ್ಲಿಗೆ ಬಂದಳು. ಕೋಟು ಕಳಚದೆ, ಮಂಚದ ಅಂಚಿನಲ್ಲಿ ಕೂತು, ಕೈಚೀಲದ ಹಿಡಿ ತಿರುಚತೊಡಗಿದಳು.

"ಅವತ್ತು ಆ ಲಂಡನ್ನಿನವನು ಕೇಳಿದ್ದು ನಂಗೆ ಕೇಳಿಸ್ತು," ಎಂದಳು.

"ಗೊತ್ತು."

"ನೀನು ನನ್ನ ಅಕ್ಕ ಅಂದಿದ್ರೆ ಅವರು ನಿನ್ನ ಹತ್ರಾನೇ ಮಾತಾಡ್ತಾ ನಿಲ್ತಿದ್ರು. ಹಸು, ಹುಲ್ಲು, ಜಿಡ್ಡು. ಅಪ್ಪನೂ ಹಾಗೇ ಮಾಡ್ತಿದ್ದ. ಊಟಕ್ಕೆ ಕೂತ್ರೆ ನೀವಿಬ್ರೂ ಹಸುವಿನ ಮಾತು, ನಾನು ಉಪ್ಪಿನ ಡಬ್ಬಿ ದಾಟಿಸ್ತಾ ಕೂತಿರ್ತಿದ್ದೆ. ಆವತ್ತೊಂದು ದಿನ ನನ್ನ ಅಂಗಳದಲ್ಲಿ ನಾನೇ ಮುಂದಿರ್ಬೇಕು ಅನ್ನಿಸ್ತು."

"ಸರಿ ಹಾಗಾದ್ರೆ," ಎಂದಳು ನೋಲಾ. "ನಂಗೆ ಅಪ್ಪನ ಮಾತು ಸಿಕ್ತು, ನಿಂಗೆ ನೂರು ಎಕರೆ ಸಿಕ್ತು. ಸಮ ಆಯ್ತು ಅಂತೀಯಾ?"

"ಹಾಗೆ ಎಲ್ಲಿ ಅಂದೆ ನಾನು?"

"ಅನ್ನೋಕೇ ನೀನು ಬಂದಿದ್ದು."

ಐರಿಸ್ ಎದ್ದಳು. ಬಾಗಿಲ ಹತ್ತಿರ ನಿಂತು, "ಡಿಗ್ಬಿ ನಿಂಗೋಸ್ಕರ ಬಾಯಿ ಮುಚ್ಕೊಂಡಿರ್ತಿದ್ದ. ನೀನು ಅದಕ್ಕೂ ಬಿಡಲಿಲ್ಲ," ಎಂದಳು.

"ಅದಕ್ಕೇ ಬಿಡಲಿಲ್ಲ," ಎಂದಳು ನೋಲಾ. ಮೂರು ವರ್ಷ ಅಕ್ಕತಂಗಿಯರು ಮಾತಾಡಲಿಲ್ಲ.

ಕೆಲಸ ಹುಡುಕಿದರೆ ಹಾಲಿನ ಲೋಕದಲ್ಲಿ ಯಾರೂ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಕರೆದವಳು ಸಮುದ್ರದ ದಂಡೆಯಲ್ಲಿ ನಲವತ್ತು ಹಸು ಇಟ್ಟುಕೊಂಡಿದ್ದ ಹೆನಿ ಕಾಟೆನೆ ಎಂಬ ಹೆಂಗಸು, ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನದವಳು. ಅವಳ ಗಂಡನಿಗೆ ಸೊಂಟ ಹಿಡಿದು ಬಗ್ಗಲಾಗುತ್ತಿರಲಿಲ್ಲ. ಉಪ್ಪುಗಾಳಿ ಬೀಸುವ ಆ ಮೂಲೆಗೆ ಬೇರೆ ಯಾರೂ ಕೆಲಸಕ್ಕೆ ಬರುತ್ತಿರಲಿಲ್ಲ.

"ಹಸುವಿನ ಜಿಡ್ಡು ಕದ್ದವಳು ನೀನೇನಾ?" ಎಂದು ಹೆನಿ ಗೇಟಿನಲ್ಲೇ ಕೇಳಿದಳು.

"ನಾನೇ."

"ಒಳ್ಳೇದಾಯ್ತು ಬಾ ಹುಡುಗಿ. ನನ್ನ ಹಸುಗಳಲ್ಲಿ ಕದಿಯೋಕೆ ಜಿಡ್ಡೇ ಇಲ್ಲ." ಆಮೇಲೆ ಒಳಗೆ ಕರೆದು, ಹಂದಿಮಾಂಸದ ಜೊತೆ ಬೇಯಿಸಿದ ಸೊಪ್ಪು, ಬಿಸಿ ರೊಟ್ಟಿ ಕೊಟ್ಟಳು. ಒಪ್ಪಂದ ಸರಳವಾಗಿತ್ತು: ಜಮೀನು ಹೆನಿಯದು, ದುಡಿಮೆ ನೋಲಾಳದು, ಕಾರ್ಖಾನೆಯಿಂದ ಬಂದದ್ದರಲ್ಲಿ ಇಬ್ಬರಿಗೂ ಪಾಲು. ಪ್ರತಿ ವರ್ಷ ಹುಟ್ಟುವ ಹೆಣ್ಣುಕರುಗಳಲ್ಲಿ ನಾಲ್ಕು ನೋಲಾಳವು.

ನಾಲ್ಕು ಎಂಟಾಯಿತು. ಎಂಟು ಇಪ್ಪತ್ತಾಯಿತು. ಎಂಟು ವರ್ಷ ಕಳೆಯುವಷ್ಟರಲ್ಲಿ ಮಂದೆಯಲ್ಲಿ ಹೆಚ್ಚಿನ ಹಸುಗಳು ಅವಳವೇ ಆದವು. ಅವಳು ಹುಚ್ಚಿನಂತೆ ದುಡಿದಳು. ಆ ಹುಚ್ಚಿಗೆ ಹೆಸರು ಡಿಗ್ಬಿ ಹಾರ್ನ್. ಬೆಳಿಗ್ಗೆ ಕಾಲಿಗೆ ಬೂಟು ಏರಿಸುವಾಗ ಅವನು ಆಗಲೇ ಎದ್ದಿರುತ್ತಾನೆ ಎನ್ನಿಸುತ್ತಿತ್ತು. ಮಳೆ ಬಂದರೆ ಅಲ್ಲಿ ಎಷ್ಟು ಬಿದ್ದಿರಬಹುದು, ಬಿಸಿಲು ಬಂದರೆ ಅಲ್ಲಿ ಹುಲ್ಲು ಒಣಗಿರಬಹುದೇ ಎಂದು ಲೆಕ್ಕ ಹಾಕುತ್ತಿದ್ದಳು. ಜೂನ್ ತಿಂಗಳಲ್ಲಿ ಸಂಘದವರು ಜಿಲ್ಲೆಯ ಒಳ್ಳೆಯ ಮಂದೆಗಳ ಪಟ್ಟಿ ಅಚ್ಚು ಹಾಕಿಸುತ್ತಿದ್ದರು. ಅದರಲ್ಲಿ ಡಿಗ್ಬಿಯ ಹೆಸರು ಯಾವಾಗಲೂ ಮೊದಲ ಹತ್ತರಲ್ಲಿರುತ್ತಿತ್ತು. ಅವಳದು ಮೊದಲು ಎಲ್ಲೂ ಇರಲಿಲ್ಲ, ಆಮೇಲೆ ಎಂಬತ್ತರ ಸುಮಾರಿಗೆ ಬಂತು, ಆಮೇಲೆ ನಲವತ್ತು.

"ಇದೇನು ನೀನು ಪ್ರಾರ್ಥನೆ ಪುಸ್ತಕ ಓದೋ ಹಾಗೆ ಓದ್ತೀಯಲ್ಲ," ಎನ್ನುತ್ತಿದ್ದಳು ಹೆನಿ. "ಅವನ ಹೆಸರಿನ ಮೇಲೆ ಅಷ್ಟು ಹೊತ್ತು ಬೆರಳಿಟ್ರೆ ಕಾಗದ ತೂತಾಗುತ್ತೆ."

"ಅವನು ಈ ಸಲ ಒಂದು ಸ್ಥಾನ ಇಳಿದಿದ್ದಾನೆ."

"ಅದಕ್ಕೇ ನೀನು ಇವತ್ತು ಹಾಡ್ಕೊಂಡು ಹಾಲು ಕರೀತಿದ್ದೆ."

ಐರಿಸ್ ಜೊತೆ ಮಾತು ಮತ್ತೆ ಶುರುವಾದದ್ದು ಅವರ ಚಿಕ್ಕಮ್ಮನ ಶವಸಂಸ್ಕಾರದಲ್ಲಿ. ಸ್ಯಾಂಡ್‌ವಿಚ್ಚು ಹಂಚುವಾಗ ಇಬ್ಬರೂ ಒಂದೇ ತಟ್ಟೆಗೆ ಕೈಹಾಕಿದ್ದರಿಂದ. ಅದಾದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಹೋಗಿ ಬಂದು ಮಾಡುತ್ತಿದ್ದರು. ನವೆಂಬರಿನ ಮಾತು ಇಬ್ಬರೂ ತೆಗೆಯಲಿಲ್ಲ.

ಅರವತ್ತೇಳರ ಜೂನಿನಲ್ಲಿ ಪಟ್ಟಿ ಬಂದಾಗ ನೋಲಾ ಟಪಾಲು ಡಬ್ಬಿಯ ಹತ್ತಿರವೇ ನಿಂತು ಬಿಚ್ಚಿದಳು. ಡಿಗ್ಬಿ ಹಾರ್ನ್, ಒಂಬತ್ತನೆಯವನು. ಅವಳು ರೂಢಿಯಂತೆ ಕೆಳಗೆ ಕಣ್ಣು ಓಡಿಸಿದಳು. ಇಪ್ಪತ್ತು, ಮೂವತ್ತು, ನಲವತ್ತರವರೆಗೆ ಹೋದಳು. ತನ್ನ ಹೆಸರಿಲ್ಲ. ಆಮೇಲೆ ಮೇಲೆ ನೋಡಿದಳು. ಏಳನೆಯ ಸಾಲಿನಲ್ಲಿ ನೋಲಾ ಸ್ಟಾಡ್ಲರ್ ಎಂದಿತ್ತು. ಅವನಿಗಿಂತ ಹಸುವೊಂದಕ್ಕೆ ಒಂದೂವರೆ ಪೌಂಡು ಜಿಡ್ಡು ಹೆಚ್ಚು.

ಹಾರುವಷ್ಟು ಸಂತೋಷವಾಗಬೇಕಿತ್ತು. ಒಂದು ಗಳಿಗೆ ಆಯಿತೂ ಕೂಡ. ಅದರ ಹಿಂದೆಯೇ ಆರನೆಯವನು ಯಾರೆಂದು ನೋಡಿದಳು. ಓಪುನಾಕೆ ಕಡೆಯ ಯಾವನೋ ಹೊಸಬ. ಅವನ ಹೆಸರು ಓದುವಾಗಲೇ ಹೊಟ್ಟೆಯಲ್ಲಿ ಹಳೆಯ ಉರಿ ಮೆಲ್ಲಗೆ ಹೊಗೆಯಾಡಿತು. ತನ್ನ ಬಗ್ಗೆ ತನಗೇ ನಗು ಬಂತು.

ಶನಿವಾರ ಬೆಳಿಗ್ಗೆ ಡಿಗ್ಬಿಯ ಲಾರಿ ಬಂತು. ಅವಳು ಇಲ್ಲಿಗೆ ಬಂದ ಹನ್ನೆರಡು ವರ್ಷದಲ್ಲಿ ಅವನು ಅವಳ ಬಾಗಿಲಿಗೆ ತಾನಾಗಿ ಬಂದದ್ದು ಅದೇ ಮೊದಲು. ತಲೆ ನರೆತಿತ್ತು. "ಒಳ್ಳೆ ಕೆಲಸ ಮಾಡಿದೀಯ ನೋಲ್," ಎಂದು ಕೈ ಕುಲುಕಿದ. ಮಾತು ಸರಿಯಾಗಿತ್ತು. ದವಡೆ ಮಾತ್ರ ಬಿಗಿದಿತ್ತು. ಕಣ್ಣುಗಳು ಅವಳ ಹೆಗಲ ಮೇಲಿಂದ ಹಾದು ಹುಲ್ಲುಗಾವಲಿನಲ್ಲಿ ಏನನ್ನೋ ಹುಡುಕುತ್ತಿದ್ದವು. ಒಂದು ಮುರಿದ ಬೇಲಿ, ಒಂದು ಹಳದಿ ಹೂವು, ಏನಾದರೂ ಸರಿ. ನೋಲಾಳಿಗೆ ಆ ನೋಟ ತಟ್ಟನೆ ಗುರುತು ಸಿಕ್ಕಿತು. ಬೇರೆಯವರ ಮುಖದಲ್ಲಿ ಅದನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

ಅವಳಿಗೆ ಅವನ ಮೇಲೆ ಮೊದಲ ಸಲ ಅಕ್ಕರೆಯಂಥದ್ದೇನೋ ಬಂತು. ಒಳಗೆ ಕೂರಿಸಿ ಟೀ ಮಾಡಿಕೊಟ್ಟಳು. ಶುಂಠಿ ಹಾಕಿದ ಬಿಸ್ಕತ್ತು ಇಟ್ಟಳು.

ಅವನು ಬಿಸ್ಕತ್ತನ್ನು ಟೀಯಲ್ಲಿ ಬಹಳ ಹೊತ್ತು ಅದ್ದಿ ಹಿಡಿದು, "ಇಲ್ಲಿ ಉಪ್ಪುಗಾಳಿ," ಎಂದ. "ಮಣ್ಣೂ ಅಂಥಾದ್ದೇನಲ್ಲ. ಮತ್ತೆ ಹುಲ್ಲು ಹೇಗೆ ಹೀಗೆ ಬರ್ತಿದೆ? ಏನ್ ಮಾಡ್ತೀಯ?"

"ನೀನು ದಿನಕ್ಕೊಂದು ಸಲ ತಂತಿ ಸರಿಸ್ತೀಯ. ನಾನು ಎರಡು ಸಲ ಸರಿಸ್ತೀನಿ. ಬೆಳಿಗ್ಗೆ ಕರೆದ ಮೇಲೊಂದು ಪಟ್ಟಿ, ಸಂಜೆ ಕರೆದ ಮೇಲೊಂದು."

"ಅಷ್ಟೇನಾ?"

"ಅಷ್ಟೇ."

ಅಷ್ಟೇ ಆಗಿರಲಿಲ್ಲ. ನಾಲ್ಕು ಬೆರಳು ಹುಲ್ಲು ಉಳಿದಿರುವಾಗಲೇ ಅವಳು ಹಸುಗಳನ್ನು ಪಟ್ಟಿಯಿಂದ ಎಬ್ಬಿಸುತ್ತಿದ್ದಳು. ನೆಲ ಕಾಣುವಂತೆ ಎಂದೂ ಮೇಯಿಸುತ್ತಿರಲಿಲ್ಲ. ಹಾಗಾಗಿ ಅವಳ ಹುಲ್ಲು ಬೇರೆಯವರದಕ್ಕಿಂತ ಒಂದು ವಾರ ಮೊದಲೇ ಚಿಗುರುತ್ತಿತ್ತು. ನಿಜವಾದ ಗುಟ್ಟು ಅದೇ. ಅದು ನಾಲಗೆಯ ತುದಿಗೆ ಬಂದಿತ್ತು. ಅವನು ಟೀ ಮುಗಿಸಿದ, ಹೆನಿಗೆ ನಮಸ್ಕಾರ ಹೇಳಿದ, ಲಾರಿ ಹತ್ತಿದ. ನೋಲಾ ಗೇಟಿನವರೆಗೆ ಹೋಗಿ, ಅವನು ದಾಟಿದ ಮೇಲೆ ಗೇಟು ಹಾಕಿದಳು.

"ಪೂರ್ತಿ ಹೇಳಿದೆಯಾ ಅವನಿಗೆ?" ಎಂದಳು ಹೆನಿ ಜಗುಲಿಯಿಂದ.

"ಅರ್ಧ."

"ಥೂ ನಿನ್ನ," ಎಂದು ಹೆನಿ ಸೊಂಟಕ್ಕೆ ಕೈಯಿಟ್ಟುಕೊಂಡು ನಕ್ಕಳು.

ಉಳಿದರ್ಧವನ್ನು ಡಿಗ್ಬಿ ತಾನೇ ಕಂಡುಕೊಂಡ. ಅವನಿಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವೂ ಪಟ್ಟಿಯಲ್ಲಿ ಅವಳ ಹೆಸರು ಅವನ ಹೆಸರಿಗಿಂತ ಮೇಲಿತ್ತು.